ಎಡಗೈ ಹುರಿ

ಇದು ನಡೆದದ್ದೇ. ಓದಿ ನಗಬೇಕೆಂಬ ಒತ್ತಾಯವೇನಿಲ್ಲ. ನಗುವ ಕೆಲಸವನ್ನು ಒಬ್ಬರು ಆಗಲೇ ಮಾಡಿ ಮುಗಿಸಿದ್ದಾರೆ.

ಕೊಬ್ಬರಿ ವ್ಯಾಪಾರಿ ಕಾಡಸಿದ್ದಪ್ಪನವರ ಹಳೇ ಕಾರು ಎಷ್ಟು ಜೋರಾಗಿ ಓಡಿದರೂ ಸ್ಪೀಡೋಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ. ಹುಳಿಯಾರಿನ ಗ್ಯಾರೇಜಿನಲ್ಲಿ ರಂಗರಾಜು ಮುಂದಿನ ಚಕ್ರಗಳನ್ನು ಜಾಕಿ ಕೊಟ್ಟು ಎತ್ತಿದ, ಕೈಯಲ್ಲಿ ತಿರುಗಿಸಿದ, ವೈರ್‌ಗೆ ಕರೆಂಟ್ ನೋಡುವ ಮೀಟರ್ ಹಿಡಿದ. ಕರೆಂಟು ಬರುತ್ತಿತ್ತು, ವೇಗದ ಸುದ್ದಿ ಡಯಲ್ಲಿಗೆ ಹೋಗುತ್ತಿರಲಿಲ್ಲ.

"ಡಯಲ್ಲು ಸರಿಯಾಗೈತೆ ಸಾವ್ಕಾರ್ರೇ. ಸೆನ್ಸರ್ ಹೋಗೈತೆ."

ಕಾರಿನಡಿ ತೂರಿ ಗೇರ್‌ಬಾಕ್ಸಿನ ಪಕ್ಕದಿಂದ ಹೆಬ್ಬೆರಳು ಗಾತ್ರದ ಸೆನ್ಸರನ್ನು ಬಿಚ್ಚಿ ತಂದ. ಬುಡ ಒಡೆದಿತ್ತು. ಅದರ ಹರಿದ ವೈರ್‌ಗೆ ಗ್ರೀಸು ಮೆತ್ತಿದ ಕರಿ ಉಣ್ಣೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ಏನಿದು, ಕಾರಿಗೂ ಕಂಬಳಿ ಹೊದಿಸಿದ್ರಾ?"

"ಹೊನ್ನವಳ್ಳಿ ಹತ್ರ ಕುರಿ ಅಡ್ಡ ಬಂತು ಕಣಪ್ಪ. ಕುಂಟ್ಕೊಂಡು ಓಡೋಯ್ತು ಬುಡು." ಕಾಡಸಿದ್ದಪ್ಪ ಸೆನ್ಸರನ್ನು ಇಸಕೊಂಡು ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ಕಾಯಿಯಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗೆ ಆಡ್ತಾ ಐತಲ್ಲೋ! ಚೆನ್ನಾಗೇ ಐತೆ."

"ಕೊಬ್ಬರಿ ಆಡಿದ್ರೆ ಪಾಸು, ಇದು ಆಡಿದ್ರೆ ಫೇಲು," ಎಂದು ರಂಗರಾಜು ಹಳೆಯದನ್ನು ಬೆಂಚಿನ ಮೇಲಿಟ್ಟು ಹೊಸದನ್ನು ಕೂರಿಸಿದ. "ಸೀಟಲ್ಲಿ ಕೂತು ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ. ಮುಳ್ಳು ನೋಡ್ತಿರಿ."

ಎತ್ತಿದ ಚಕ್ರಗಳು ಗಾಳಿಯಲ್ಲೇ ತಿರುಗಿದವು. ಮುಳ್ಳು ನಡುಗಿ ಎದ್ದು ಇಪ್ಪತ್ತಕ್ಕೆ ನಿಂತಿತು. ಕಾಡಸಿದ್ದಪ್ಪನವರ ಮುಖ ಅರಳಿತು.

ಊರಿನ ಅರ್ಧ ಜನರ ದನಿ ರಂಗರಾಜುವಿನ ಗಂಟಲಲ್ಲಿತ್ತು. ಸುಮ್ಮನಿರಲಾರದೆ ಕಾರಿನ ಹಿಂದೆ ಬಗ್ಗಿ ನಿಂತು ಸಬ್‌ಇನ್ಸ್‌ಪೆಕ್ಟರರ ಮೂಗಿನ ದನಿ ತೆಗೆದ: "ಏನ್ರೀ, ಹೊಡೆದು ಗಾಡಿ ನಿಲ್ಲಿಸದೆ ಬಂದವರು ನೀವೇ ಏನ್ರೀ?"

ಎಂಜಿನ್ ಒಮ್ಮೆಲೇ ಕಿರುಚಿತು. ಮುಳ್ಳು ಎಂಬತ್ತಕ್ಕೆ ಹಾರಿತು.

"ಹಾರನ್ ಹೊಡೆದೆ ಸಾರ್!" ಕಾಡಸಿದ್ದಪ್ಪ ತಿರುಗಿ ನೋಡಲೇ ಇಲ್ಲ. "ಕೆಂಕೆರೆ ತಿರುವಿಂದ ಹಾರನ್ ಹೊಡ್ಕಂಡೇ ಬಂದೆ. ಆ ಮುದುಕ ಪಕ್ಕಕ್ಕೆ ಸರೀಲೇ ಇಲ್ಲ ಸಾರ್..."

ರಂಗರಾಜು ನೆಟ್ಟಗಾದ. ಪಕ್ಕದ ಟೀ ಅಂಗಡಿಯ ಚಿಕ್ಕಗೌರಮ್ಮ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಪ್ಪ, ಕೆಂಕೆರೆಯ ಕುರಿಗಾಹಿ ಹುಚ್ಚರಂಗಯ್ಯನನ್ನು, ಯಾವುದೋ ಗಾಡಿ ಹೊಡೆದು ಸಾಯಿಸಿ ಹೋಗಿತ್ತು. ತಿಥಿ ಮುಗಿಸಿ ಅವಳು ಅಂದಷ್ಟೇ ಅಂಗಡಿ ತೆರೆದಿದ್ದಳು.

"ನಮ್ಮಪ್ಪಂಗೆ ಕಿವಿ ಕೇಳ್ತಿರ್ಲಿಲ್ಲ," ಎಂದಳು.

ಕಾಡಸಿದ್ದಪ್ಪ ಈಗ ತಿರುಗಿದರು. ಪೊಲೀಸಿಲ್ಲ. ರಂಗರಾಜು ಇದ್ದಾನೆ. ಎರಡು ಕ್ಷಣ ಬಾಯಿ ತೆರೆದೇ ಇತ್ತು. ಆಮೇಲೆ ಅದರೊಳಗಿಂದ ನಗು ಬಂತು.

"ಥೂ ನಿನ್ನ! ನೀನೇ ಏನ್ಲಾ? ನಿಂಗೊಬ್ಬಂಗೇನಾ ನಾಟಕ ಬರೋದು? ನಾನೂ ಹೆಂಗೆ ಆಡಿ ತೋರಿಸ್ದೆ ನೋಡ್ದಾ!"

ಚಿಕ್ಕಗೌರಮ್ಮ ಲೋಟಗಳನ್ನಿಟ್ಟು ಬೆಂಚಿನ ಮೇಲಿದ್ದ ಸೆನ್ಸರನ್ನು ಕೈಗೆತ್ತಿಕೊಂಡಳು. ಉಣ್ಣೆಯ ಒಂದೆಳೆ ಬಿಡಿಸಿ, ಸೆರಗಿನಲ್ಲಿ ಗ್ರೀಸು ಒರೆಸಿ, ಬೆರಳುಗಳ ನಡುವೆ ಹೊಸೆದು ನೋಡಿದಳು.

"ಕುರಿ ಮೈಮೇಲಿರೋ ಉಣ್ಣೆ ಹುರಿಯಾಗಿರಲ್ಲ ರಂಗಣ್ಣ. ಇದು ಕುರಿ ಕಾಯೋರು ನಡೀತಾ ಕದರಲ್ಲಿ ನೂತಿದ್ದು. ಅದೂ ಉಲ್ಟಾ ತಿರುಚಿದ ಎಡಗೈ ಹುರಿ. ನಮ್ಮಟ್ಟೀಲಿ ಎಡಚ ಅಂತ ಇದ್ದೋನು ನಮ್ಮಪ್ಪ ಒಬ್ನೇ."

ಕಾಡಸಿದ್ದಪ್ಪ ಇನ್ನೂ ಜೋರಾಗಿ ನಕ್ಕರು. ಹೊಟ್ಟೆ ಹಿಡಿದುಕೊಂಡು, ಸ್ಟಿಯರಿಂಗಿಗೆ ಹಣೆ ಒತ್ತಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು. ಮುಳ್ಳು ತೊಂಬತ್ತು ದಾಟಿತು, ನೂರು ದಾಟಿತು. ಕಾರು ನಿಂತಲ್ಲೇ ಇತ್ತು.