ಸಪ್ಪಳವಿಲ್ಲದ ಗಾಡಿ

ಬಣ್ಣ ಯಾವುದಾದರೂ ಆದೀತು ಎಂದು ಹೇಳಿ ವನಮಾಲಾ ಎಲೆಕ್ಟ್ರಿಕ್ ಸ್ಕೂಟರಿನ ಅಂಗಡಿಯಲ್ಲಿ ಕುರ್ಚಿಯ ಅಂಚಿಗೆ ಕೂತಳು.

“ದಿನಾ ಎಷ್ಟ ಓಡಸ್ತೀರಿ, ಅಕ್ಕಾರ?” ಅಂಗಡಿಯವನು ಕೇಳಿದ.

“ಪಾಠ ಹೇಳಾಕ ಸಾಲಿಗೆ ಹೋಗಿ ಬರೂದು. ಹನ್ನೆರಡು ಕಿಲೋಮೀಟರ್.”

“ಹಂಗಾರ ಸಣ್ಣ ಬ್ಯಾಟರಿನ ಸಾಕ್ರಿ. ಹಿಂದ ಯಾರರ ಕೂಡ್ತಾರೇನ್ರಿ?”

“ಇಲ್ಲ. ಸಪ್ಪಳ ಮಾಡ್ತೈತೇನ್ರಿ?”

“ಚೂರೂ ಇಲ್ರಿ! ಮನಿ ಬಾಗಿಲಿಗೆ ಬಂದು ನಿಂತ್ರೂ ಅತ್ತಿಯವ್ರಿಗೆ ಗೊತ್ತಾಗೂದಿಲ್ಲ,” ಎಂದು ಅವನು ನಕ್ಕ.

“ಅದನ್ನೇ ಕೊಡ್ರಿ.”

ಬದಲಿಗೆ ಕೊಡಲೆಂದು ಅವಳು ತಂದು ಹೊರಗೆ ನಿಲ್ಲಿಸಿದ್ದ ಪೆಟ್ರೋಲ್ ಸ್ಕೂಟರನ್ನು ಅವನು ಸುತ್ತಿ ನೋಡಿ ಬಂದ. “ಇಷ್ಟ ಚಲೋ ಗಾಡಿ ಯಾಕ ಮಾರ್ತೀರಿ?”

ವನಮಾಲಾ ಅದರ ಕೀಲಿಯನ್ನು ಮೇಜಿನ ಮೇಲಿಟ್ಟಳು.

“ನಮ್ಮನಿಯವರದು. ಅವರು ತೀರಿಕೊಂಡು ವರ್ಷ ಆತು. ಅದರ ಸಪ್ಪಳ ಕೇಳಿದ್ರ ಅತ್ತಿ ಇನ್ನೂ ಮಗಗ ರೊಟ್ಟಿ ತಟ್ಟತಾರ.”