ಜೊತೆಗೆ ಯಾರು?

ಎಂಟು ಹುಡುಗಿಯರೂ ಎಸ್ಕಲೇಟರ್ ಮೇಲೆ ನಿಂತು ಕಿಲಕಿಲ ನಗುತ್ತಾ ಕೆಳಗಿಳಿದು ಹೋದರು. ಅವರನ್ನು ನೋಡಿಕೊಳ್ಳಲೆಂದೇ ಸಿಂಗಪುರದವರೆಗೆ ಬಂದಿದ್ದ ಜ್ಯೋತಿಲಕ್ಷ್ಮಿ ಮೇಡಂ ಮಾತ್ರ ಮೇಲೆಯೇ ನಿಂತುಬಿಟ್ಟರು. ಒಂದು ಕಾಲು ಮುಂದಿಟ್ಟರು, ಹಿಂದಕ್ಕೆಳೆದುಕೊಂಡರು. ಇನ್ನೊಂದು ಕಾಲು ಮುಂದಿಟ್ಟರು, ಅದನ್ನೂ ಹಿಂದಕ್ಕೆಳೆದುಕೊಂಡರು. ಅಷ್ಟರಲ್ಲಿ ಅಲ್ಲಿಯ ಮುದುಕಿಯೊಬ್ಬಳು ಊರುಗೋಲು ಹಿಡಿದುಕೊಂಡೇ ಅವರನ್ನು ದಾಟಿ ಇಳಿದು ಹೋದಳು.

ಸೊರಬದಿಂದ ಹೊರಡುವಾಗ ಮೇಡಂಗೆ ವಿಮಾನದ ಹೆದರಿಕೆ ಇರಲಿಲ್ಲ, ಇದ್ದದ್ದು ಈ ಮೆಟ್ಟಿಲಿನದು. ಎರಡು ವರ್ಷದ ಹಿಂದೆ ಶಿವಮೊಗ್ಗದ ಮಾಲೊಂದರಲ್ಲಿ ಸೀರೆಯ ನೆರಿಗೆ ಇಂಥದರ ಬಾಯಿಗೆ ಸಿಕ್ಕಿ, ನಾಲ್ಕು ಜನ ಹಿಡಿದೆಳೆದು ಬಿಡಿಸಿದ್ದರು. ಅಂದಿನಿಂದ ಎಸ್ಕಲೇಟರ್ ಕಂಡರೆ ದೂರ ಸರಿಯುತ್ತಾರೆ. ಇಲ್ಲಿಗೆ ಬಂದ ಎರಡು ದಿನವೂ ಮಂಡಿನೋವಿನ ನೆಪ ಹೇಳಿ, ಎಲ್ಲರನ್ನೂ ಲಿಫ್ಟಿಗೆ ತುಂಬಿ ಹೇಗೋ ದಿನ ತಳ್ಳಿದ್ದರು. ಇವತ್ತು ಗೈಡ್ ಅವಸರದಲ್ಲಿ ಹುಡುಗಿಯರನ್ನು ಸೀದಾ ಇತ್ತ ನುಗ್ಗಿಸಿಬಿಟ್ಟಿದ್ದ. ಲಿಫ್ಟು ರೈಲು ನಿಲ್ದಾಣದ ಆ ತುದಿಯಲ್ಲಿದೆಯಂತೆ. ಅದನ್ನು ಹುಡುಕಿಕೊಂಡು ಹೋದರೆ ಹುಡುಗಿಯರು ಕಣ್ಮರೆಯಾಗುತ್ತಾರೆ. ಇಲ್ಲೇ ನಿಂತರೆ ರೈಲು ಬಂದು ಅವರನ್ನು ಹತ್ತಿಸಿಕೊಂಡು ಹೋಗುತ್ತದೆ. ಐವತ್ತೈದು ವರ್ಷದ ಹೆಂಗಸಿಗೆ ನಿಂತಲ್ಲೇ ಅಳು ಬಂತು.

ಅದರಲ್ಲೂ ಪವಿತ್ರಳದೇ ಚಿಂತೆ. ತಾಳಗುಂದದ ಕಡೆ ಕುರಿ ಸಾಕುವ ಸಣ್ಣಬೀರಪ್ಪನ ಮಗಳು. ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯಿ ಬಿಡದ ಹುಡುಗಿ. ಶಾಲೆಯ ಹಳೆಯ ವಿದ್ಯಾರ್ಥಿಗಳು ಹತ್ತನೇ ತರಗತಿಯ ಹುಡುಗಿಯರಿಗೆ ಸಿಂಗಪುರ ತೋರಿಸುತ್ತೇವೆ ಎಂದಾಗ ಮೇಡಂ ತಾವೇ ಅವಳ ಮನೆಗೆ ಹೋಗಿ ಅಪ್ಪನನ್ನು ಒಪ್ಪಿಸಿದ್ದರು. ಅದೇ ಉಸಿರಿನಲ್ಲಿ ಮುಂದಿನ ಓದಿನ ಮಾತನ್ನೂ ಎತ್ತಿದ್ದರು. ಶಿಕಾರಿಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರಬಹುದಲ್ಲ? ಸಣ್ಣಬೀರಪ್ಪ ಖಡಾಖಂಡಿತವಾಗಿ ಬೇಡವೆಂದಿದ್ದ.

“ಸಿಂಗಪುರಕ್ಕಾದ್ರೆ ನೀವದೀರಿ ಮೇಡಂ. ಶಿಕಾರಿಪುರಕ್ಕೆ ಜತಿಗೆ ಯಾರು ಹೋಗ್ತಾರ್ರಿ?”

ಆ ಜೊತೆಗಾತಿ ಮೇಡಂ ಹೀಗೆ ಮರಗಟ್ಟಿ ನಿಂತಿದ್ದರು ಎಂಬ ಸುದ್ದಿ ಅವನ ಕಿವಿಗೆ ಬಿದ್ದರೆ ಹುಡುಗಿಯ ಓದು ಅಲ್ಲಿಗೆ ಮುಗಿದಂತೆ.

ಪಕ್ಕದಲ್ಲಿ ಮೇಲೇರುವ ಎಸ್ಕಲೇಟರಿನಲ್ಲಿ ಯಾರೋ ದಡದಡನೆ ಹತ್ತಿ ಬಂದರು. ನೋಡಿದರೆ ಅವಳೇ, ಪವಿತ್ರ.

“ಮಂಡಿನೋವಲ್ಲ, ಹೆದ್ರಿಕಿ. ಹೌದಲ್ರೀ ಮೇಡಂ?”

“ಮೆಲ್ಲಗೆ ಮಾತಾಡೇ!” ಎಂದರು ಮೇಡಂ, ಸುತ್ತ ಕನ್ನಡ ತಿಳಿಯುವ ಒಂದು ನರಪಿಳ್ಳೆ ಇಲ್ಲದಿದ್ದರೂ.

“ನಮ್ ಕುರಿನೂ ಚಾನಲ್ ದಾಟಾಕೆ ಹಿಂಗೇ ನಿಂತ್ಕಂತಾವ್ರಿ. ಎಳೆದ್ರೆ ಕಾಲು ಊರ್ತಾವೆ, ನೂಕಿದ್ರೆ ಬೆದರ್ತಾವೆ. ಮಗ್ಗುಲಿಗೆ ಮೈಗೆ ಮೈ ಹಚ್ಚಿ ನಿಂತು, ನೀರು ಕಾಣ್ದಂಗೆ ಕಂಬಳಿ ಮರೆ ಹಿಡಿಬೇಕು.”

“ನನ್ನನ್ನ ಕುರಿ ಅಂತೀಯಾ?”

“ಛೇ, ಇಲ್ರೀ. ಕುರಿ ಇಷ್ಟು ಮಾತಾಡಂಗಿಲ್ಲ.”

ಬಾಯಿಯಿಲ್ಲದ ಹುಡುಗಿಗೆ ಇದ್ದಕ್ಕಿದ್ದಂತೆ ಬಾಯಿ ಬಂದಿತ್ತು. ಅವಳು ಬಗ್ಗಿ ಮೇಡಂ ಅವರ ನೆರಿಗೆಯನ್ನು ಎತ್ತಿ ಅವರ ಕೈಗೇ ಕೊಟ್ಟಳು. ಮಗ್ಗುಲಿಗೆ ಅಂಟಿ ನಿಂತು, ತನ್ನ ಬ್ಯಾಗನ್ನು ಮೇಡಂಗೆ ತಮ್ಮ ಕಾಲು ಕಾಣದಂತೆ ಅಡ್ಡ ಹಿಡಿದಳು.

“ಹತ್ತೊಂಬತ್ತರ ಮಗ್ಗಿ ಹೇಳ್ರಿ.”

ಎಂಟನೇ ತರಗತಿಯಲ್ಲಿ ಅದೇ ಮಗ್ಗಿ ಬರಲಿಲ್ಲವೆಂದು ಮೇಡಂ ಅವಳನ್ನು ಇಡೀ ಪಿರಿಯಡ್ ನಿಲ್ಲಿಸಿದ್ದರು. ಈಗ ಅವಳ ಮಾತು ಮೀರುವ ಸ್ಥಿತಿಯಲ್ಲಿ ಅವರಿರಲಿಲ್ಲ.

“ಹತ್ತೊಂಬತ್ತೊಂದ್ಲ ಹತ್ತೊಂಬತ್ತು…”

“ಹೂಂ, ಇಡ್ರಿ ಕಾಲು.”

“ಹತ್ತೊಂಬತ್ತೆರಡ್ಲ ಮೂವತ್ತೆಂಟು… ಅಯ್ಯೋ ಪವಿತ್ರಾ!”

“ಆತು ಆತು. ಮುಂದಿಂದು ಹೇಳ್ರಿ.”

ನೂರ ಹದಿನಾಲ್ಕಕ್ಕೆ ಬರುವಷ್ಟರಲ್ಲಿ ನೆಲ ಸಿಕ್ಕಿತು. ಕೆಳಗಿದ್ದ ಏಳು ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ. ಒಬ್ಬಳು ನೀರಿನ ಬಾಟಲಿ ಮುಂದೆ ಹಿಡಿದಳು. ಮೇಡಂ ಕುಡಿಯುತ್ತಿದ್ದಂತೆ ಅವರ ಕೈಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ಪವಿತ್ರಳ ತಾಯಿ ಗುಡ್ಡಮ್ಮ.

“ಮೇಡಮ್ಮೋರೆ, ನಮ್ ಹುಡುಗಿ ಏನೂ ತಿಳೀದಾಕಿ. ಎಲ್ಲಾದ್ರೂ ಹೆದ್ರಿ ನಿಂತು ನಿಮಗೆ ತ್ರಾಸು ಕೊಟ್ಲೇನ್ರಿ?”

ಪವಿತ್ರ ಎದುರಿಗೇ ನಿಂತು, ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡಿ ಎಂಬಂತೆ ತಲೆಯಾಡಿಸಿದಳು. ಮೇಡಂ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ‘ಇಲ್ಲ’ ಎಂದು ಒಂದೇ ಮಾತು ಹೇಳಿ ಫೋನಿಟ್ಟರೆ ಮೂವತ್ತು ವರ್ಷ ಪಾಠ ಹೇಳಿ ಗಳಿಸಿದ ಮಾನ ಉಳಿಯುತ್ತಿತ್ತು. ಆದರೆ ತಮ್ಮ ಮರ್ಯಾದೆ ಕಾಯಲು ನಿಂತ ಆ ಹುಡುಗಿಯ ಮುಖ ನೋಡಿ ಅವರಿಗೆ ನಾಚಿಕೆಯಾಯಿತು.

“ಹೆದರಿ ನಿಂತಿದ್ದು ನಾನು, ಗುಡ್ಡಮ್ಮ. ನಿಮ್ಮ ಮಗಳೇ ವಾಪಸ್ ಬಂದು ನನ್ನನ್ನ ಕೈಹಿಡಿದು ಇಳಿಸಿದ್ಲು. ಅವಳಿಲ್ದೇ ಇದ್ದಿದ್ರೆ ನಾನು ಇನ್ನೂ ಅಲ್ಲೇ ಇರ್ತಿದ್ದೆ.”

ಸತ್ಯ ಹೇಳಲು ಹೋಗಿ ಹುಡುಗಿಯ ಓದಿಗೇ ಕಲ್ಲು ಹಾಕಿದೆನೇ ಎಂದು ಮೇಡಂ ಫೋನನ್ನು ಕಿವಿಗೆ ಒತ್ತಿಕೊಂಡರು. ರೈಲು ಬಂದು ನಿಂತಿತು, ಬಾಗಿಲು ತೆರೆಯಿತು. ಅಷ್ಟರಲ್ಲಿ ಗುಡ್ಡಮ್ಮ ಫೋನನ್ನು ಬಾಯಿಂದ ದೂರ ಮಾಡಿ, ಹಟ್ಟಿಯಲ್ಲಿದ್ದ ಗಂಡನನ್ನು ಕೂಗುವುದು ಕೇಳಿಸಿತು:

“ಏನ್ರೀ, ಕೇಳ್ತೇನು? ಶಿಕಾರಿಪುರಕ್ಕೆ ಜತಿಗೆ ಯಾರು ಜತಿಗೆ ಯಾರು ಅಂತಿದ್ರಲ್ಲ, ಸಿಂಗಪುರದಾಗೆ ಮೇಡಮ್ಮೋರ ಜತಿಗೆ ನಿಮ್ಮ ಮಗಳು ಹೋಗ್ಯಾಳಂತೆ!”