ಸೊಪ್ಪಿನ ಬಣ್ಣ

ಮಳೆಗಾಲದ ಆಟಿ ತಿಂಗಳಲ್ಲಿ ಸಂತೆಗೆ ಬರುವ ಮದ್ದುಸೊಪ್ಪಿನ ವಾಸನೆ ಮೂಗಿಗೆ ತಾಗಿದರೆ ನಾನು ಇವತ್ತಿಗೂ ದೂರ ಸರಿಯುತ್ತೇನೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಅಪ್ಪನಿಗೆ ಹೊಟ್ಟೆಹುಣ್ಣು; ಉಂಡ ಕೂಡಲೇ ಮಡಚಿಕೊಂಡು ಮಲಗುತ್ತಿದ್ದರು. ಮಡಿಕೇರಿಯಲ್ಲಿ ಕಂಪೌಂಡರ್ ಆಗಿದ್ದ ಚಿಕ್ಕಪ್ಪ ಆ ಸೊಪ್ಪನ್ನು ಬೇಯಿಸಿ ಬತ್ತಿಸಿದ ರಸವನ್ನು ಮೊದಲು ಮೊಲಗಳಿಗೆ ಕುಡಿಸಿ ನೋಡಿದರು. ಮೊಲಗಳು ಎಂದಿನಂತೆ ಹುಲ್ಲು ತಿಂದವು. ಆ ಮಧ್ಯಾಹ್ನ ಲೋಟ ಅಪ್ಪನ ಕೈಗೆ ಬಂತು. ರಸ ಕಡುನೇರಳೆಯಾಗಿ, ಗಂಜಿಯಷ್ಟು ಮಂದವಾಗಿತ್ತು.

"ಮೂತ್ರ ಕೆಂಪಗೆ ಹೋಗ್ತದೆ. ಹೆದರ್ಬೇಡಿ ಅತ್ತಿಗೆ, ಅದು ಸೊಪ್ಪಿನ ಬಣ್ಣ" ಎಂದರು ಚಿಕ್ಕಪ್ಪ.

ಹೊತ್ತು ಇಳಿಯುವ ಮೊದಲೇ ಅಪ್ಪ ಜಗಲಿಯಂಚಿಗೆ ಬಾಗಿ ವಾಂತಿ ಮಾಡಿದರು. ಅಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದಳು; ಸೆರಗು ಕೆಂಪಾಯಿತು.

"ಇದೂ ಸೊಪ್ಪಿನ ಬಣ್ಣನೇ ಅಲ್ವಾ?" ಎಂದು ಕೇಳಿದಳು.

ಚಿಕ್ಕಪ್ಪ ಆ ಸೆರಗನ್ನು ಹಿಡಿದು ನೋಡಿದರು, ಮೂಸಿದರು. ಪಕ್ಕದ ಕಾಫಿ ಎಸ್ಟೇಟಿನ ಜೀಪು ತರಲು ಬರಿಗಾಲಲ್ಲೇ ಓಡಿದರು.

ಅಪ್ಪನನ್ನು ಜೀಪಿಗೆ ಎತ್ತುವಾಗ ಅಜ್ಜಿ ನನ್ನ ಕಣ್ಣು ಮುಚ್ಚಿದರು. ಆಸ್ಪತ್ರೆ ಮುಟ್ಟುವ ಮೊದಲೇ ಅಪ್ಪ ಹೋಗಿದ್ದರು.

ಅಮ್ಮ ಚಿಕ್ಕಪ್ಪನನ್ನು ಎಂದೂ ಬೈಯಲಿಲ್ಲ. ಅವರು ಮನೆಗೆ ಬಂದಾಗಲೆಲ್ಲ ಅನ್ನ ಬಡಿಸಿ ಎದುರು ಕೂರುತ್ತಿದ್ದಳು, ಕೊನೆಯ ತುತ್ತಿನವರೆಗೂ ಅವರು ನುಂಗುವುದನ್ನೇ ನೋಡುತ್ತ.